ನಡುವಯಸ್ಸು ಮತ್ತು ವೃದ್ಧಾಪ್ಯದಲ್ಲಿ ಥೈರಾಯ್ಡ್ ಹಾರ್ಮೋನು ಅಸಮತೋಲನ

ಥೈರಾಯ್ಡ್ ಹಾರ್ಮೋನು ಅಸಮತೋಲನವೆಂದರೆ ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು (ಗುರಾಣಿಕ ಗ್ರಂಥಿ) ದೇಹಕ್ಕೆ ಬೇಕಾದುದಕ್ಕಿಂತ ಕಡಿಮೆ ಅಥವಾ ಹೆಚ್ಚು ಪ್ರಮಾಣದಲ್ಲಿ ಹಾರ್ಮೋನನ್ನು ಸ್ರವಿಸುವ ಸ್ಥಿತಿ. ಸ್ರಾವ ಕಡಿಮೆಯಾದರೆ ಅದನ್ನು ಹೈಪೋಥೈರಾಯ್ಡಿಸಮ್ ಎಂದೂ, ಹೆಚ್ಚಾದರೆ ಹೈಪರ್‌ಥೈರಾಯ್ಡಿಸಮ್ ಎಂದೂ ಕರೆಯಲಾಗುತ್ತದೆ. ಇದು ಎಲ್ಲ ವಯಸ್ಸಿನವರಲ್ಲಿಯೂ ಕಂಡುಬರುತ್ತದೆಯಾದರೂ ನಲವತ್ತರ ನಂತರ, ಅದರಲ್ಲಿಯೂ ಸ್ತ್ರೀಯರಲ್ಲಿ, ಹೆಚ್ಚು ಸಾಮಾನ್ಯ.

ಈ ವಯಸ್ಸಿನಲ್ಲಿ ಕಾಯಿಲೆಯ ಸ್ವರೂಪಕ್ಕೆ ಎರಡು ವಿಶೇಷಗಳಿವೆ. ಮೊದಲನೆಯದಾಗಿ, ದಣಿವು, ಮರೆವು, ಮಲಬದ್ಧತೆ, ತೂಕದ ಏರಿಳಿತ ಮುಂತಾದ ಲಕ್ಷಣಗಳನ್ನು ವಯಸ್ಸಿನ ಸಹಜ ಪರಿಣಾಮವೆಂದೋ ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದೋ ಭಾವಿಸಿ ಕಾಯಿಲೆಯನ್ನು ಗುರುತಿಸದೆ ಬಿಡುವ ಸಂಭವವಿದೆ. ಎರಡನೆಯದಾಗಿ, ವಯಸ್ಸಾದಂತೆ ರಕ್ತಪರೀಕ್ಷೆಯ ಅಂಕಿಗಳು ಸಹಜವಾಗಿಯೇ ಸ್ವಲ್ಪ ಏರುವುದರಿಂದ ಕಾಯಿಲೆಯಿಲ್ಲದವರಿಗೂ ಮಾತ್ರೆ ಆರಂಭವಾಗುವ, ಅಥವಾ ಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಮುಂದುವರಿಯುವ ಸಂಭವವೂ ಇದೆ. ಗುರುತಿಸದ ಕೊರತೆ ಹಾಗೂ ಮಿತಿಮೀರಿದ ಚಿಕಿತ್ಸೆ ಎರಡೂ ಹೃದಯಕ್ಕೆ ಹಾನಿಕರ.

ಗ್ರಂಥಿ ಮತ್ತು ಹಾರ್ಮೋನುಗಳು

ಥೈರಾಯ್ಡ್ ಗ್ರಂಥಿಯು ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳದ ಎರಡೂ ಬದಿಗೆ ಚಿಟ್ಟೆಯ ರೆಕ್ಕೆಗಳಂತೆ ಹರಡಿಕೊಂಡಿದೆ. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 25 ಗ್ರಾಂ. ಆಹಾರದಿಂದ ದೊರೆಯುವ ಅಯೋಡಿನ್ ಅನ್ನು ರಕ್ತದಿಂದ ಹೀರಿಕೊಂಡು ಇದು ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ: ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನ್ (ಟಿ4) ಮತ್ತು ಮೂರು ಪರಮಾಣುಗಳುಳ್ಳ ಟ್ರೈಅಯೋಡೋಥೈರೋನಿನ್ (ಟಿ3). ಗ್ರಂಥಿಯಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4. ಜೀವಕೋಶಗಳಲ್ಲಿ ನೇರವಾಗಿ ಕೆಲಸ ಮಾಡುವುದು ಟಿ3. ಅದರ ಬಹುಪಾಲು ಯಕೃತ್ತು, ಮೂತ್ರಪಿಂಡ ಮೊದಲಾದ ಅಂಗಾಂಶಗಳಲ್ಲಿ ಟಿ4ರಿಂದಲೇ ರೂಪುಗೊಳ್ಳುತ್ತದೆ.

ಈ ಹಾರ್ಮೋನುಗಳು ದೇಹದ ಚಯಾಪಚಯದ ವೇಗವನ್ನು ನಿರ್ಧರಿಸುತ್ತವೆ. ಹೃದಯದ ಬಡಿತ, ದೇಹದ ಉಷ್ಣತೆ, ಕರುಳಿನ ಚಲನೆ, ಕೊಬ್ಬಿನ ವಿಲೇವಾರಿ, ಸ್ನಾಯುಗಳ ಬಲ, ಮೂಳೆಯ ಸವೆತ ಮತ್ತು ಮರುನಿರ್ಮಾಣ, ಮನಸ್ಸಿನ ಚುರುಕು ಇವೆಲ್ಲ ಅವುಗಳ ಪ್ರಭಾವಕ್ಕೆ ಒಳಪಟ್ಟಿವೆ.

ಗ್ರಂಥಿಯ ಕೆಲಸವನ್ನು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್ ಪ್ರಚೋದಕ ಹಾರ್ಮೋನಿನ (ಟಿಎಸ್‌ಎಚ್) ಮೂಲಕ ನಿಯಂತ್ರಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಪಿಟ್ಯುಟರಿಯು ಹೆಚ್ಚು ಟಿಎಸ್‌ಎಚ್ ಬಿಡುಗಡೆ ಮಾಡುತ್ತದೆ; ಹೆಚ್ಚಾದಾಗ ಅದನ್ನು ತಗ್ಗಿಸುತ್ತದೆ. ಆದ್ದರಿಂದ ಟಿಎಸ್‌ಎಚ್ ಏರಿದೆಯೆಂದರೆ ಸಾಮಾನ್ಯವಾಗಿ ಥೈರಾಯ್ಡ್ ಸೋಲುತ್ತಿದೆಯೆಂದೂ, ಇಳಿದಿದೆಯೆಂದರೆ ಅದು ಅತಿಯಾಗಿ ಕೆಲಸ ಮಾಡುತ್ತಿದೆಯೆಂದೂ ಅರ್ಥ. ಈ ತಲೆಕೆಳಗಾದ ಸಂಬಂಧವನ್ನು ತಿಳಿಯದೆ, ‘ಟಿಎಸ್‌ಎಚ್ ಹೆಚ್ಚಿದೆ’ ಎಂಬ ವರದಿಯನ್ನು ‘ಥೈರಾಯ್ಡ್ ಹೆಚ್ಚಾಗಿದೆ’ ಎಂದು ಓದಿಕೊಳ್ಳುವ ತಪ್ಪು ಸಾಮಾನ್ಯವಾಗಿದೆ.

ಇತಿಹಾಸ

ಗ್ರಂಥಿಯ ಅತಿಸ್ರಾವದಿಂದ ಉಂಟಾಗುವ ಕಾಯಿಲೆಯನ್ನು ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ವಿವರಿಸಿದನು. ವಯಸ್ಕ ಸ್ತ್ರೀಯರಲ್ಲಿ ಮುಖ ಊದಿಕೊಂಡು ಚಟುವಟಿಕೆ ಕುಗ್ಗುವ ಸ್ಥಿತಿಯನ್ನು ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ವರ್ಣಿಸಿದನು. ವಿಲಿಯಂ ಆರ್ಡ್ 1878ರಲ್ಲಿ ಅದಕ್ಕೆ ಮಿಕ್ಸಿಡೀಮಾ ಎಂಬ ಹೆಸರನ್ನಿಟ್ಟನು. ಇಂಗ್ಲೆಂಡಿನ ಜಾರ್ಜ್ ಮರ್ರೆ 1891ರಲ್ಲಿ 46 ವರ್ಷದ ಮಹಿಳೆಯೊಬ್ಬಳಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ನೀಡಿದನು. ನಂತರ ಬಾಯಿಯ ಮೂಲಕ ಚಿಕಿತ್ಸೆ ಮುಂದುವರಿಸಿದ ಆಕೆ 28 ವರ್ಷ ಬದುಕಿ 74ನೆಯ ವಯಸ್ಸಿನಲ್ಲಿ ಮರಣ ಹೊಂದಿದಳು. ಕೊರತೆಯಿರುವ ಹಾರ್ಮೋನನ್ನು ಹೊರಗಿನಿಂದ ಒದಗಿಸಿ ದೀರ್ಘಕಾಲ ಆರೋಗ್ಯವಾಗಿಡಬಹುದು ಎಂಬುದನ್ನು ತೋರಿಸಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರಲ್ಲಿ ಥೈರಾಕ್ಸಿನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದನು. ಚಾರ್ಲ್ಸ್ ಹ್ಯಾರಿಂಗ್ಟನ್ ಮತ್ತು ಜಾರ್ಜ್ ಬಾರ್ಜರ್ 1927ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ವರು ನಡುವಯಸ್ಸಿನ ಸ್ತ್ರೀಯರ ಗ್ರಂಥಿಗಳಲ್ಲಿ ಕಂಡ ವಿಶಿಷ್ಟ ಉರಿಯೂತವನ್ನು ದಾಖಲಿಸಿದನು. ಇಂದು ಅಯೋಡಿನ್ ಕೊರತೆಯಿಲ್ಲದ ಪ್ರದೇಶಗಳಲ್ಲಿ ಹೈಪೋಥೈರಾಯ್ಡಿಸಮ್‌ಗೆ ಮುಖ್ಯ ಕಾರಣ ಈ ಹಾಶಿಮೊಟೊ ಉರಿಯೂತವೇ.

ವ್ಯಾಪಕತೆ

ಭಾರತದ ಎಂಟು ನಗರಗಳಲ್ಲಿ 5,376 ವಯಸ್ಕರನ್ನು ಒಳಗೊಂಡು ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬೆಂಗಳೂರು ಆ ನಗರಗಳಲ್ಲೊಂದು. ಅದರ ಪ್ರಕಾರ ಸುಮಾರು ಶೇ. 11ರಷ್ಟು ಜನರಲ್ಲಿ ಹೈಪೋಥೈರಾಯ್ಡಿಸಮ್ ಇತ್ತು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ತಮಗೆ ಕಾಯಿಲೆಯಿರುವುದು ಆ ಪರೀಕ್ಷೆಯವರೆಗೆ ತಿಳಿದಿರಲಿಲ್ಲ. ಇದಲ್ಲದೆ ಸುಮಾರು ಶೇ. 8ರಷ್ಟು ಜನರಲ್ಲಿ ಲಕ್ಷಣರಹಿತ ಆರಂಭಿಕ ಕೊರತೆ ಕಂಡುಬಂದಿತು. ಪುರುಷರಿಗಿಂತ ಸ್ತ್ರೀಯರಲ್ಲಿ ಪ್ರಮಾಣ ಹೆಚ್ಚಾಗಿತ್ತು. ವಯೋಮಾನದ ದೃಷ್ಟಿಯಿಂದ 46ರಿಂದ 54 ವರ್ಷದವರಲ್ಲಿ ಅತಿ ಹೆಚ್ಚು ಇತ್ತು. ಕಡಲತೀರದ ನಗರಗಳಿಗಿಂತ ಒಳನಾಡಿನ ನಗರಗಳಲ್ಲಿ ಪ್ರಮಾಣ ತುಸು ಅಧಿಕವಾಗಿತ್ತು.

ಕಾರಣಗಳು

ಹೈಪೋಥೈರಾಯ್ಡಿಸಮ್‌ಗೆ ಮುಖ್ಯ ಕಾರಣಗಳು:

• ಹಾಶಿಮೊಟೊ ಉರಿಯೂತ: ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಗ್ರಂಥಿಯ ಮೇಲೆ ದಾಳಿ ಮಾಡಿ ಅದನ್ನು ನಿಧಾನವಾಗಿ ನಾಶಪಡಿಸುತ್ತದೆ. ಕುಟುಂಬದಲ್ಲಿ ಹರಿದುಬರುವ ಪ್ರವೃತ್ತಿ ಇದಕ್ಕಿದೆ.
• ಹಿಂದೆ ನಡೆದ ಥೈರಾಯ್ಡ್ ಶಸ್ತ್ರಚಿಕಿತ್ಸೆ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಅಥವಾ ಕತ್ತಿಗೆ ನೀಡಿದ ವಿಕಿರಣ ಚಿಕಿತ್ಸೆ.
• ಔಷಧಗಳು: ಹೃದಯದ ಲಯ ತಪ್ಪಿದಾಗ ನೀಡುವ ಅಮಿಯೋಡರೋನ್, ಮನೋರೋಗಕ್ಕೆ ನೀಡುವ ಲಿಥಿಯಂ ಮುಂತಾದವು. ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್ ಇರುವ ಅಮಿಯೋಡರೋನ್ ಗ್ರಂಥಿಯ ಸ್ರಾವವನ್ನು ತಗ್ಗಿಸಲೂಬಹುದು, ಹೆಚ್ಚಿಸಲೂಬಹುದು.
• ಆಹಾರದಲ್ಲಿ ಅಯೋಡಿನ್ ಕೊರತೆ.
• ಪಿಟ್ಯುಟರಿ ಗ್ರಂಥಿಯ ಹಾನಿ. ಹೆರಿಗೆಯ ವೇಳೆ ತೀವ್ರ ರಕ್ತಸ್ರಾವವಾದ ಸ್ತ್ರೀಯರಲ್ಲಿ ಪಿಟ್ಯುಟರಿ ಹಾನಿಗೊಳಗಾಗಿ (ಶೀಹನ್ ಸಿಂಡ್ರೋಮ್) ಅದರ ಲಕ್ಷಣಗಳು ಅನೇಕ ವರ್ಷಗಳ ನಂತರ, ನಡುವಯಸ್ಸಿನಲ್ಲಿ, ಗೋಚರವಾಗಬಹುದು. ಇಂಥವರಲ್ಲಿ ಟಿಎಸ್‌ಎಚ್ ಏರುವುದಿಲ್ಲವಾದ್ದರಿಂದ ಆ ಪರೀಕ್ಷೆಯೊಂದೇ ಸಾಲದು.

ಹೈಪರ್‌ಥೈರಾಯ್ಡಿಸಮ್‌ಗೆ ಯುವಜನರಲ್ಲಿ ಗ್ರೇವ್ಸ್ ಕಾಯಿಲೆಯೇ ಪ್ರಮುಖ ಕಾರಣ. ವಯಸ್ಸಾದಂತೆ, ವಿಶೇಷವಾಗಿ ದೀರ್ಘಕಾಲ ಅಯೋಡಿನ್ ಕೊರತೆಯಿದ್ದ ಪ್ರದೇಶಗಳಲ್ಲಿ, ಹಳೆಯ ಗಳಗಂಡದೊಳಗಿನ ಗಂಟುಗಳು ಪಿಟ್ಯುಟರಿಯ ನಿಯಂತ್ರಣ ತಪ್ಪಿ ತಾವಾಗಿಯೇ ಹಾರ್ಮೋನು ಸ್ರವಿಸುವುದು ಹೆಚ್ಚುತ್ತದೆ. ಥೈರಾಕ್ಸಿನ್ ಮಾತ್ರೆಯನ್ನು ಅಗತ್ಯಕ್ಕಿಂತ ಹೆಚ್ಚು ಸೇವಿಸುವುದೂ ಒಂದು ಸಾಮಾನ್ಯ ಕಾರಣ.

ಲಕ್ಷಣಗಳು

ಹಾರ್ಮೋನು ಕೊರತೆಯ ಲಕ್ಷಣಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ದಣಿವು, ಚಳಿ ತಡೆಯದಿರುವುದು, ಒಣ ಚರ್ಮ, ಕೂದಲು ಉದುರುವುದು, ಮಲಬದ್ಧತೆ, ಮುಖ ಮತ್ತು ಕಣ್ಣಿನ ಸುತ್ತ ಊತ, ಧ್ವನಿ ಒರಟಾಗುವುದು, ಸ್ನಾಯುಗಳ ಬಿಗಿತ, ಅಂಗೈ ಜೋಮು ಹಿಡಿಯುವುದು, ನಾಡಿ ನಿಧಾನವಾಗುವುದು ಮುಖ್ಯವಾದವು. ತೂಕ ಹೆಚ್ಚುವುದುಂಟು, ಆದರೆ ಅದು ಸಾಮಾನ್ಯವಾಗಿ ಕೆಲವೇ ಕಿಲೋಗ್ರಾಂಗಳಷ್ಟಿದ್ದು, ಅದರಲ್ಲಿ ಹೆಚ್ಚಿನ ಪಾಲು ದೇಹದಲ್ಲಿ ಉಳಿದ ಉಪ್ಪು ಮತ್ತು ನೀರು. ಅತಿಯಾದ ಬೊಜ್ಜಿಗೆ ಥೈರಾಯ್ಡ್ ಒಂದೇ ಕಾರಣವಾಗುವುದು ವಿರಳ.

ವೃದ್ಧರಲ್ಲಿ ಈ ಲಕ್ಷಣಗಳು ಪೂರ್ಣವಾಗಿ ಕಾಣಿಸಿಕೊಳ್ಳದೆ, ಮರೆವು, ಖಿನ್ನತೆ, ಕಿವಿ ಮಂದವಾಗುವುದು, ನಡೆಯುವಾಗ ತೂರಾಡುವುದು ಇಂಥ ಒಂದೆರಡು ತೊಂದರೆಗಳ ರೂಪದಲ್ಲಷ್ಟೇ ತೋರಬಹುದು. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುವುದು, ರಕ್ತಹೀನತೆ, ಸೋಡಿಯಂ ಅಂಶ ಇಳಿಯುವುದು ಸಹ ಇದರ ಸುಳಿವಾಗಿರಬಹುದು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಔಷಧ ಆರಂಭಿಸುವ ಮುನ್ನ ಹಾಗೂ ಮರೆಗುಳಿತನದ ಕಾರಣ ಹುಡುಕುವಾಗ ಟಿಎಸ್‌ಎಚ್ ಪರೀಕ್ಷಿಸುವುದು ಈ ಕಾರಣದಿಂದಲೇ.

ಹಾರ್ಮೋನು ಹೆಚ್ಚಾದಾಗ ಸಾಮಾನ್ಯವಾಗಿ ಎದೆಬಡಿತ, ಕೈನಡುಕ, ಬೆವರು, ಸೆಕೆ ತಡೆಯದಿರುವುದು, ಹಸಿವಿದ್ದೂ ತೂಕ ಇಳಿಯುವುದು, ಭೇದಿ, ನಿದ್ರಾಹೀನತೆ, ಚಡಪಡಿಕೆ ಕಂಡುಬರುತ್ತವೆ. ವೃದ್ಧರಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಸಾಧ್ಯ: ನಡುಕ, ಚಡಪಡಿಕೆಗಳಿಲ್ಲದೆ ಅವರು ಮೌನವಾಗಿ, ನಿರುತ್ಸಾಹದಿಂದ, ಊಟ ಸೇರದೆ ಸೊರಗುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಫ್ರಾಂಕ್ ಲಾಹೆ 1931ರಲ್ಲಿ ವಿವರಿಸಿದ ಈ ಸ್ಥಿತಿಯನ್ನು ‘ನಿರುತ್ಸಾಹದ ಹೈಪರ್‌ಥೈರಾಯ್ಡಿಸಮ್’ ಎನ್ನಬಹುದು. ಇಂಥವರಲ್ಲಿ ಮೊದಲ ಸೂಚನೆ ಹೃದಯದ ಲಯ ತಪ್ಪುವುದು ಅಥವಾ ಹೃದಯ ವೈಫಲ್ಯವೇ ಆಗಿರಬಹುದು.

ಮುಟ್ಟು ನಿಲ್ಲುವ ಕಾಲದೊಂದಿಗೆ ಗೊಂದಲ

ಭಾರತೀಯ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46ರ ಆಸುಪಾಸಿನಲ್ಲಿ. ಥೈರಾಯ್ಡ್ ಕೊರತೆ ಹೆಚ್ಚು ಕಾಣುವುದೂ ಸರಿಸುಮಾರು ಇದೇ ವಯಸ್ಸಿನಲ್ಲಿ. ಮುಟ್ಟಿನ ಏರುಪೇರು, ನಿದ್ದೆಗೇಡು, ಸಿಡುಕು, ದಣಿವು, ತೂಕ ಹೆಚ್ಚಳ ಇವು ಎರಡಕ್ಕೂ ಸಮಾನ. ಏಕಾಏಕಿ ಮೈಬಿಸಿಯಾಗಿ ಬೆವರುವುದು ಮುಟ್ಟು ನಿಲ್ಲುವಿಕೆಯ ಲಕ್ಷಣವಾಗಿದ್ದರೂ, ದಿನವಿಡೀ ಸೆಕೆಯೊಂದಿಗೆ ನಾಡಿ ವೇಗವಾಗಿದ್ದರೆ ಹೈಪರ್‌ಥೈರಾಯ್ಡಿಸಮ್ ಅನ್ನು ಪರಿಗಣಿಸಬೇಕಾಗುತ್ತದೆ. ಅತಿಯಾದ ಋತುಸ್ರಾವದ ಜೊತೆ ಚಳಿ, ಮಲಬದ್ಧತೆಗಳಿದ್ದರೆ ಹೈಪೋಥೈರಾಯ್ಡಿಸಮ್ ಅನ್ನು. ಲಕ್ಷಣಗಳಿಂದಷ್ಟೇ ಇವನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ರಕ್ತಪರೀಕ್ಷೆಯೇ ನಿರ್ಣಾಯಕ.

ರೋಗನಿರ್ಣಯ

ಮೊದಲ ಪರೀಕ್ಷೆ ಟಿಎಸ್‌ಎಚ್. ಅದರಲ್ಲಿ ವ್ಯತ್ಯಾಸ ಕಂಡರೆ ಮುಕ್ತ ಟಿ4, ಅಗತ್ಯವಿದ್ದರೆ ಟಿ3 ಹಾಗೂ ಥೈರಾಯ್ಡ್ ಪೆರಾಕ್ಸಿಡೇಸ್ ವಿರುದ್ಧದ ಪ್ರತಿಕಾಯಗಳನ್ನು ಪರೀಕ್ಷಿಸಲಾಗುತ್ತದೆ. ವಯಸ್ಕರಲ್ಲಿ ಟಿಎಸ್‌ಎಚ್‌ನ ಸಾಮಾನ್ಯ ಮಿತಿಯನ್ನು ಪ್ರತಿ ಲೀಟರಿಗೆ ಸುಮಾರು 0.4ರಿಂದ 4.5 ಮಿಲಿ ಯೂನಿಟ್ ಎಂದು ಪರಿಗಣಿಸಲಾಗುತ್ತದೆ; ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇದು ಸ್ವಲ್ಪ ಬದಲಾಗುತ್ತದೆ. ಫಲಿತಾಂಶವನ್ನು ಸ್ಥೂಲವಾಗಿ ಹೀಗೆ ಅರ್ಥೈಸಲಾಗುತ್ತದೆ:

• ಟಿಎಸ್‌ಎಚ್ ಹೆಚ್ಚು, ಟಿ4 ಕಡಿಮೆ: ಸ್ಪಷ್ಟ ಹೈಪೋಥೈರಾಯ್ಡಿಸಮ್.
• ಟಿಎಸ್‌ಎಚ್ ಹೆಚ್ಚು, ಟಿ4 ಸಹಜ: ಆರಂಭಿಕ (ಉಪಲಾಕ್ಷಣಿಕ) ಹೈಪೋಥೈರಾಯ್ಡಿಸಮ್.
• ಟಿಎಸ್‌ಎಚ್ ಕಡಿಮೆ, ಟಿ4 ಅಥವಾ ಟಿ3 ಹೆಚ್ಚು: ಸ್ಪಷ್ಟ ಹೈಪರ್‌ಥೈರಾಯ್ಡಿಸಮ್.
• ಟಿಎಸ್‌ಎಚ್ ಕಡಿಮೆ, ಟಿ4 ಮತ್ತು ಟಿ3 ಸಹಜ: ಆರಂಭಿಕ ಹೈಪರ್‌ಥೈರಾಯ್ಡಿಸಮ್, ಅಥವಾ ಮಾತ್ರೆಯ ಪ್ರಮಾಣ ಹೆಚ್ಚಾಗಿರುವುದು.
• ಟಿ4 ಕಡಿಮೆಯಿದ್ದರೂ ಟಿಎಸ್‌ಎಚ್ ಏರದಿರುವುದು: ಪಿಟ್ಯುಟರಿಯ ತೊಂದರೆ ಅಥವಾ ಬೇರೆ ತೀವ್ರ ಕಾಯಿಲೆಯ ಪ್ರಭಾವ.

ವಯಸ್ಸು ಮತ್ತು ಟಿಎಸ್‌ಎಚ್

ವಯಸ್ಸಾದಂತೆ ಆರೋಗ್ಯವಂತರಲ್ಲಿಯೂ ಟಿಎಸ್‌ಎಚ್ ತುಸು ಏರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿದ ವಿಶ್ಲೇಷಣೆಯ ಪ್ರಕಾರ, ಥೈರಾಯ್ಡ್ ಕಾಯಿಲೆಯಿಲ್ಲದ 80 ವರ್ಷ ಮೀರಿದವರಲ್ಲಿ ಇದರ ಮೇಲಿನ ಮಿತಿ ಸುಮಾರು 7.5. ಆದರೆ ಪ್ರಯೋಗಾಲಯದ ವರದಿಗಳಲ್ಲಿ ಎಲ್ಲ ವಯಸ್ಸಿನವರಿಗೂ ಒಂದೇ ಮಿತಿ ಮುದ್ರಿತವಾಗಿರುವುದು ಸಾಮಾನ್ಯ. ಹೀಗಾಗಿ 75 ವರ್ಷದವರ ವರದಿಯಲ್ಲಿ 6 ಎಂಬ ಅಂಕಿ ದಪ್ಪಕ್ಷರದಲ್ಲಿ ಕಂಡರೂ ಅದು ಕಾಯಿಲೆಯಾಗಿರಬೇಕೆಂದಿಲ್ಲ.

ಒಮ್ಮೆ ಏರಿದ ಟಿಎಸ್‌ಎಚ್ ಚಿಕಿತ್ಸೆಯಿಲ್ಲದೆಯೇ ಸಹಜಕ್ಕೆ ಮರಳುವುದೂ ಉಂಟು. ಆದ್ದರಿಂದ ಅಲ್ಪ ಏರಿಕೆ ಕಂಡಾಗ ಎರಡು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡುವುದು ವಾಡಿಕೆ. ಆಸ್ಪತ್ರೆಯಲ್ಲಿ ಬೇರೆ ತೀವ್ರ ಕಾಯಿಲೆಗೆ ದಾಖಲಾಗಿರುವಾಗ ಬಂದ ಅಂಕಿಗಳು ದಾರಿ ತಪ್ಪಿಸಬಹುದು. ಕೂದಲು ಮತ್ತು ಉಗುರಿನ ಬೆಳವಣಿಗೆಗೆಂದು ಮಾರಾಟವಾಗುವ ಬಯೋಟಿನ್ ಮಾತ್ರೆಗಳು ಕೆಲವು ವಿಧದ ಪರೀಕ್ಷೆಗಳಲ್ಲಿ ಹಾರ್ಮೋನು ಹೆಚ್ಚಿರುವಂತೆ ಸುಳ್ಳು ಚಿತ್ರ ನೀಡುತ್ತವೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅವನ್ನು ನಿಲ್ಲಿಸಬೇಕಾಗುತ್ತದೆ.

ಗಂಟುಗಳು

ಥೈರಾಯ್ಡಿನಲ್ಲಿ ಗಂಟುಗಳು ವಯಸ್ಸಿನೊಂದಿಗೆ ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ಗಂಟು ವೇಗವಾಗಿ ಬೆಳೆಯುವುದು, ಕಲ್ಲಿನಂತೆ ಗಟ್ಟಿಯಾಗಿರುವುದು, ಧ್ವನಿ ಬದಲಾಗುವುದು, ನುಂಗಲು ಕಷ್ಟವಾಗುವುದು ಇವು ಎಚ್ಚರಿಕೆಯ ಲಕ್ಷಣಗಳು. ಅಲ್ಟ್ರಾಸೌಂಡ್ ಹಾಗೂ ತೆಳುಸೂಜಿಯಿಂದ ಜೀವಕೋಶ ತೆಗೆದು ಮಾಡುವ ಪರೀಕ್ಷೆಯಿಂದ ಅವುಗಳ ಸ್ವರೂಪ ತಿಳಿಯುತ್ತದೆ. ಹಾರ್ಮೋನಿನ ಪ್ರಮಾಣ ಸಹಜವಾಗಿದ್ದರೂ ಗಂಟಿನ ಪರೀಕ್ಷೆಯನ್ನು ಕೈಬಿಡುವಂತಿಲ್ಲ.

ಚಿಕಿತ್ಸೆ

ಹೈಪೋಥೈರಾಯ್ಡಿಸಮ್

ಸ್ಪಷ್ಟ ಕೊರತೆಗೆ ಲೆವೊಥೈರಾಕ್ಸಿನ್ ಮಾತ್ರೆಯೇ ಪ್ರಮಾಣಿತ ಚಿಕಿತ್ಸೆ. ಇದು ದೇಹದ ಟಿ4 ಅನ್ನೇ ಹೋಲುವ ಕೃತಕ ಹಾರ್ಮೋನು. ಆರೋಗ್ಯವಂತ ಯುವಜನರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 1.6 ಮೈಕ್ರೋಗ್ರಾಂ ಪ್ರಮಾಣದಲ್ಲಿ ಪೂರ್ಣ ಚಿಕಿತ್ಸೆ ಆರಂಭಿಸಬಹುದು. ವೃದ್ಧರಲ್ಲಿ ಮತ್ತು ಹೃದ್ರೋಗಿಗಳಲ್ಲಿ ಹಾಗೆ ಮಾಡುವುದಿಲ್ಲ. ಹಠಾತ್ತಾಗಿ ಚಯಾಪಚಯ ಹೆಚ್ಚಿದರೆ ಹೃದಯದ ಆಮ್ಲಜನಕದ ಬೇಡಿಕೆ ಏರಿ ಎದೆನೋವು ಅಥವಾ ಹೃದಯಾಘಾತ ಸಂಭವಿಸಬಹುದು. ಆದ್ದರಿಂದ ದಿನಕ್ಕೆ 12.5ರಿಂದ 25 ಮೈಕ್ರೋಗ್ರಾಂನಿಂದ ಆರಂಭಿಸಿ ಹಂತಹಂತವಾಗಿ ಏರಿಸಲಾಗುತ್ತದೆ.

ಥೈರಾಕ್ಸಿನ್‌ನ ಅರ್ಧಾಯುಷ್ಯ ಸುಮಾರು ಏಳು ದಿನ. ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ ಸ್ಥಿರಗೊಳ್ಳಲು ಆರರಿಂದ ಎಂಟು ವಾರ ಬೇಕಾಗುವುದರಿಂದ ಅದಕ್ಕೂ ಮುನ್ನ ಮರುಪರೀಕ್ಷೆಯಿಂದ ಪ್ರಯೋಜನವಿಲ್ಲ. ಪ್ರಮಾಣ ಸ್ಥಿರವಾದ ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಅಮೆರಿಕನ್ ಥೈರಾಯ್ಡ್ ಸಂಘದ 2014ರ ಮಾರ್ಗಸೂಚಿಯು 70ರಿಂದ 80 ವರ್ಷದವರಲ್ಲಿ ಟಿಎಸ್‌ಎಚ್ ಗುರಿಯನ್ನು 4ರಿಂದ 6ಕ್ಕೆ ಏರಿಸಬಹುದೆಂದು ಹೇಳುತ್ತದೆ. ಪಿಟ್ಯುಟರಿ ಹಾನಿಯಾದವರಲ್ಲಿ ಕಾರ್ಟಿಸಾಲ್ ಕೊರತೆಯೂ ಇರಬಹುದಾದ್ದರಿಂದ ಅದನ್ನು ಸರಿಪಡಿಸದೆ ಥೈರಾಕ್ಸಿನ್ ಆರಂಭಿಸುವುದು ಅಪಾಯಕಾರಿ.

ಉಪಲಾಕ್ಷಣಿಕ ಹೈಪೋಥೈರಾಯ್ಡಿಸಮ್

ಟಿಎಸ್‌ಎಚ್ 10ಕ್ಕಿಂತ ಹೆಚ್ಚಿದ್ದರೆ ಬಹುತೇಕ ಸಂದರ್ಭಗಳಲ್ಲಿ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. 4.5ರಿಂದ 10ರ ನಡುವೆ ಇರುವವರಲ್ಲಿ ವಯಸ್ಸು, ಲಕ್ಷಣಗಳು, ಪ್ರತಿಕಾಯಗಳು ಮತ್ತು ಹೃದಯದ ಸ್ಥಿತಿಯನ್ನು ನೋಡಿ ನಿರ್ಧರಿಸಲಾಗುತ್ತದೆ. ಯುರೋಪಿನಲ್ಲಿ 65 ವರ್ಷ ಮೀರಿದ 737 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಟ್ರಸ್ಟ್’ ಪ್ರಯೋಗದಲ್ಲಿ, ಲೆವೊಥೈರಾಕ್ಸಿನ್ ಪಡೆದವರಿಗೂ ಔಷಧವಿಲ್ಲದ ಹುಸಿಮಾತ್ರೆ ಪಡೆದವರಿಗೂ ದಣಿವು ಹಾಗೂ ಇತರ ಥೈರಾಯ್ಡ್ ಲಕ್ಷಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಇದರ ನಂತರ ವೃದ್ಧರಲ್ಲಿ ಅಲ್ಪ ಏರಿಕೆಗೆ ಮಾತ್ರೆ ನೀಡದೆ ಕಾಲಕಾಲಕ್ಕೆ ಪರೀಕ್ಷಿಸುತ್ತಿರುವ ಕ್ರಮಕ್ಕೆ ಹೆಚ್ಚಿನ ಬೆಂಬಲ ದೊರೆಯಿತು.

ಹೈಪರ್‌ಥೈರಾಯ್ಡಿಸಮ್

ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆಗಳು, ವಿಕಿರಣಶೀಲ ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ ಇವು ಮೂರು ಮುಖ್ಯ ವಿಧಾನಗಳು. ಎದೆಬಡಿತ ಮತ್ತು ನಡುಕ ತಗ್ಗಿಸಲು ಪ್ರೊಪ್ರನಲಾಲ್‌ನಂಥ ಔಷಧಗಳನ್ನು ಜೊತೆಗೆ ನೀಡಲಾಗುತ್ತದೆ. ಹಾರ್ಮೋನು ಸ್ರವಿಸುವ ಗಂಟುಗಳಿರುವ ವೃದ್ಧರಲ್ಲಿ ವಿಕಿರಣಶೀಲ ಅಯೋಡಿನ್ ಅನ್ನು ಆಯ್ಕೆ ಮಾಡಿಕೊಳ್ಳುವುದು ಹೆಚ್ಚು; ಅನಂತರ ಅನೇಕರಿಗೆ ಹಾರ್ಮೋನು ಕೊರತೆ ಉಂಟಾಗಿ ಥೈರಾಕ್ಸಿನ್ ಬೇಕಾಗುತ್ತದೆ. ಕಾರ್ಬಿಮಜೋಲ್ ಸೇವಿಸುವವರಲ್ಲಿ ವಿರಳವಾಗಿ ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ. ಜ್ವರ ಮತ್ತು ಗಂಟಲುನೋವು ಬಂದ ಕೂಡಲೇ ಮಾತ್ರೆ ನಿಲ್ಲಿಸಿ ರಕ್ತಕಣಗಳ ಎಣಿಕೆ ಮಾಡಿಸುವುದು ಅಗತ್ಯ.

ಮಾತ್ರೆ ಸೇವಿಸುವ ಕ್ರಮ

ಲೆವೊಥೈರಾಕ್ಸಿನ್ ಕರುಳಿನಲ್ಲಿ ಹೀರಲ್ಪಡುವುದು ಹೊಟ್ಟೆಯಲ್ಲಿರುವ ಆಹಾರವನ್ನು ಅವಲಂಬಿಸಿದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚಹಾ, ಕಾಫಿ, ಹಾಲು, ಉಪಾಹಾರಗಳನ್ನು ತಡೆಯುವುದು ಸಾಮಾನ್ಯ ಕ್ರಮ. ಎದ್ದೊಡನೆ ಚಹಾ ಕುಡಿಯುವ ರೂಢಿಯನ್ನು ಬಿಡಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುನ್ನ ಸೇವಿಸಬಹುದು. ಯಾವ ಹೊತ್ತಾದರೂ ಪ್ರತಿದಿನ ಅದೇ ಕ್ರಮವನ್ನು ಪಾಲಿಸುವುದು ಮುಖ್ಯ.

ನಡುವಯಸ್ಸಿನಲ್ಲಿ ಮೂಳೆಗಾಗಿ ಕ್ಯಾಲ್ಸಿಯಂ, ರಕ್ತಹೀನತೆಗಾಗಿ ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗಾಗಿ ಆಮ್ಲಶಾಮಕಗಳನ್ನು ಸೇವಿಸುವವರು ಹೆಚ್ಚು. ಇವು ಥೈರಾಕ್ಸಿನ್ ಹೀರಿಕೆಗೆ ಅಡ್ಡಿಯಾಗುವುದರಿಂದ ನಾಲ್ಕು ಗಂಟೆಗಳ ಅಂತರ ಬೇಕು. ಮಾತ್ರೆ ಕ್ರಮವಾಗಿ ಸೇವಿಸುತ್ತಿದ್ದರೂ ಟಿಎಸ್‌ಎಚ್ ಇಳಿಯದಿದ್ದಾಗ ಪ್ರಮಾಣ ಏರಿಸುವ ಮುನ್ನ ಈ ಅಂತರವನ್ನು ಪರಿಶೀಲಿಸುವುದು ಸೂಕ್ತ. ಬಾಯಿಯ ಮೂಲಕ ಈಸ್ಟ್ರೋಜನ್ ಪಡೆಯಲಾರಂಭಿಸಿದ ಸ್ತ್ರೀಯರಿಗೆ ಥೈರಾಕ್ಸಿನ್‌ನ ಅಗತ್ಯ ಹೆಚ್ಚಬಹುದು.

ಮಾತ್ರೆಗಳನ್ನು ಬಿಸಿಲು, ಸೆಕೆ ಮತ್ತು ತೇವದಿಂದ ದೂರವಿಡಬೇಕು. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ಸೇವಿಸಬಹುದು. ದೀರ್ಘ ಅರ್ಧಾಯುಷ್ಯದ ಕಾರಣ ಒಂದು ದಿನದ ಲೋಪದಿಂದ ಕೂಡಲೇ ತೊಂದರೆಯಾಗದು. ಆದರೆ ‘ಈಗ ಆರಾಮವಿದೆ’ ಎಂದು ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಕೊರತೆ ಮರುಕಳಿಸುತ್ತದೆ. ಉಪವಾಸದ ದಿನಗಳಲ್ಲಿ ನೀರಿನೊಂದಿಗೆ ಮಾತ್ರೆ ಸೇವಿಸಲು ಅಡ್ಡಿಯಿಲ್ಲ. ನೀರನ್ನೂ ವರ್ಜಿಸುವ ರಂಜಾನ್ ಉಪವಾಸದಲ್ಲಿ ರಾತ್ರಿ ಮಲಗುವ ಹೊತ್ತಿಗೆ ಅಥವಾ ನಸುಕಿನ ಊಟಕ್ಕೆ ಅರ್ಧ ಗಂಟೆ ಮೊದಲು ಸೇವಿಸಬಹುದು.

ತೊಡಕುಗಳು

ದೀರ್ಘಕಾಲ ಚಿಕಿತ್ಸೆಯಿಲ್ಲದ ತೀವ್ರ ಕೊರತೆಯು ಚಳಿ, ಸೋಂಕು ಅಥವಾ ನಿದ್ರಾಜನಕ ಔಷಧಗಳ ನಂತರ ಮಿಕ್ಸಿಡೀಮಾ ಕೋಮಾಕ್ಕೆ ತಿರುಗಬಹುದು. ಮೈ ತಣ್ಣಗಾಗುವುದು, ಉಸಿರು ಮತ್ತು ನಾಡಿ ನಿಧಾನವಾಗುವುದು, ಎಚ್ಚರ ತಪ್ಪುವುದು ಇದರ ಲಕ್ಷಣಗಳು. ಇದು ಹೆಚ್ಚಾಗಿ ವೃದ್ಧ ಸ್ತ್ರೀಯರಲ್ಲಿ ಕಂಡುಬರುತ್ತದೆ. ಪ್ರಾಣಾಪಾಯವಿರುವ ಈ ಸ್ಥಿತಿಗೆ ತುರ್ತು ಚಿಕಿತ್ಸೆ ಬೇಕು.

ಹಾರ್ಮೋನು ಹೆಚ್ಚಾದರೆ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಉಂಟಾಗಬಹುದು. ಅದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಸಾಗಿದರೆ ಪಾರ್ಶ್ವವಾಯು ಸಂಭವಿಸುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನವು 1994ರಲ್ಲಿ ವರದಿ ಮಾಡಿದಂತೆ, 60 ವರ್ಷ ಮೀರಿದವರಲ್ಲಿ ಟಿಎಸ್‌ಎಚ್ 0.1ಕ್ಕಿಂತ ಹೆಚ್ಚಿರದವರಿಗೆ ಹತ್ತು ವರ್ಷಗಳಲ್ಲಿ ಈ ಲಯದೋಷ ಬರುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು. ಮುಟ್ಟು ನಿಂತ ಸ್ತ್ರೀಯರಲ್ಲಿ ಮೂಳೆಸವೆತವೂ ತ್ವರಿತಗೊಂಡು ಸೊಂಟ, ಬೆನ್ನೆಲುಬುಗಳ ಮುರಿತದ ಸಂಭವ ಹೆಚ್ಚುತ್ತದೆ. ಮಾತ್ರೆಯ ಪ್ರಮಾಣ ಮಿತಿಮೀರಿದಾಗಲೂ ಇವೇ ಅಪಾಯಗಳಿವೆ. ಆದ್ದರಿಂದ ತೂಕ ಇಳಿಸಲೆಂದು ಥೈರಾಕ್ಸಿನ್ ಸೇವಿಸುವುದು ಹಾನಿಕರ.

ಆಹಾರ ಮತ್ತು ಅಯೋಡಿನ್

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ಭಾರತದಲ್ಲಿ ಇದರ ಮುಖ್ಯ ಮೂಲ ಅಯೋಡಿನ್‌ಯುಕ್ತ ಉಪ್ಪು. ವಿ. ರಾಮಲಿಂಗಸ್ವಾಮಿಯವರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆಸಿದ ಅಧ್ಯಯನವು, ಉಪ್ಪಿನಲ್ಲಿ ಅಯೋಡಿನ್ ಬೆರೆಸುವುದರಿಂದ ಗಳಗಂಡ ಇಳಿಯುತ್ತದೆಂದು ತೋರಿಸಿತು. ಇದರ ಬೆನ್ನಲ್ಲೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು; 1992ರಲ್ಲಿ ಅದು ರಾಷ್ಟ್ರೀಯ ಅಯೋಡಿನ್ ಕೊರತೆ ದೋಷಗಳ ನಿಯಂತ್ರಣ ಕಾರ್ಯಕ್ರಮವೆಂಬ ಹೆಸರು ಪಡೆಯಿತು. ಅಯೋಡಿನ್‌ರಹಿತ ಉಪ್ಪನ್ನು ನೇರ ಮಾನವ ಬಳಕೆಗೆ ಮಾರುವುದರ ಮೇಲಿನ ನಿಷೇಧ 2000ದಲ್ಲಿ ರದ್ದಾಗಿ 2006ರ ಮೇ 17ರಿಂದ ಮತ್ತೆ ಜಾರಿಗೆ ಬಂದಿತು. ತಯಾರಿಕೆಯ ಹಂತದಲ್ಲಿ ಹತ್ತು ಲಕ್ಷ ಭಾಗದಲ್ಲಿ 30 ಭಾಗ, ಬಳಕೆದಾರರ ಹಂತದಲ್ಲಿ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ.

ಹರಳುಪ್ಪು ಮತ್ತು ಸೈಂಧವ ಲವಣದಲ್ಲಿ ಅಯೋಡಿನ್ ಬೆರೆಸದಿದ್ದರೆ ಅವು ಈ ಅಗತ್ಯವನ್ನು ಪೂರೈಸುವುದಿಲ್ಲ. ರಕ್ತದೊತ್ತಡವಿರುವವರು ಉಪ್ಪನ್ನು ತಗ್ಗಿಸುವಾಗಲೂ ಬಳಸುವ ಅಷ್ಟನ್ನು ಅಯೋಡಿನ್‌ಯುಕ್ತವಾಗಿಯೇ ಇಟ್ಟುಕೊಳ್ಳುವುದು ಸೂಕ್ತ. ಅದೇ ವೇಳೆ ಹಾಶಿಮೊಟೊ ಉರಿಯೂತವು ಅಯೋಡಿನ್ ಕೊರತೆಯ ಕಾಯಿಲೆಯಲ್ಲ; ಹೆಚ್ಚು ಉಪ್ಪು ತಿನ್ನುವುದರಿಂದ ಅಥವಾ ಅಯೋಡಿನ್ ಮಾತ್ರೆಗಳಿಂದ ಅದು ಗುಣವಾಗದು. ಹಳೆಯ ಗಂಟುಗಳಿರುವ ವೃದ್ಧರಲ್ಲಿ ಹಠಾತ್ತಾಗಿ ಅಧಿಕ ಅಯೋಡಿನ್ ದೊರೆತರೆ ಹೈಪರ್‌ಥೈರಾಯ್ಡಿಸಮ್ ಉಂಟಾಗಬಹುದು.

ಎಲೆಕೋಸು, ಹೂಕೋಸು, ಮೂಲಂಗಿ ಮತ್ತು ಸಜ್ಜೆಯಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಿಮಾಡುವ ಅಂಶಗಳಿವೆ. ಅಯೋಡಿನ್ ಕೊರತೆಯಿದ್ದು, ಇವನ್ನೇ ಮುಖ್ಯ ಆಹಾರವಾಗಿ ಅವಲಂಬಿಸಿದಾಗ ಮಾತ್ರ ಇವು ಗಣನೀಯ. ಅಯೋಡಿನ್ ಸಾಕಷ್ಟಿರುವವರು ಮಿಶ್ರ ಆಹಾರದ ಭಾಗವಾಗಿ ಇವನ್ನು ತಿನ್ನುವುದಕ್ಕೆ ನಿರ್ಬಂಧವಿಲ್ಲ.

ಬಾಗಲಕೋಟೆ ಜಿಲ್ಲೆ ಮತ್ತು ಸಾವಳಗಿ ಪ್ರದೇಶದಲ್ಲಿ

ಕರ್ನಾಟಕದಲ್ಲಿ ಗಳಗಂಡದ ಸಮಸ್ಯೆ ಮೊದಲಿಗೆ ಗುರುತಿಸಲ್ಪಟ್ಟ ಜಿಲ್ಲೆಗಳಲ್ಲಿ ಚಿಕ್ಕಮಗಳೂರು ಮತ್ತು ಕೊಡಗು ಸೇರಿವೆ. ಆದರೆ ನಡುವಯಸ್ಸಿನ ಹಾರ್ಮೋನು ಕೊರತೆಯು ಮುಖ್ಯವಾಗಿ ಸ್ವಯಂರೋಧಕ ಕಾಯಿಲೆಯಾದ್ದರಿಂದ ಅದು ಮಲೆನಾಡಿಗೆ ಸೀಮಿತವಲ್ಲ. ಬಾಗಲಕೋಟೆಯಂಥ ಬಯಲುಸೀಮೆಯ ಜಿಲ್ಲೆಗೂ ಅದು ಪ್ರಸ್ತುತ.

ಜಮಖಂಡಿ ತಾಲ್ಲೂಕಿನ ಸಾವಳಗಿ ಹಾಗೂ ಸುತ್ತಲಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪ್ರದೇಶದ ಜೀವನ ಕಬ್ಬಿನ ಬೇಸಾಯ, ನೇಕಾರಿಕೆ ಮತ್ತು ಕೂಲಿಯನ್ನು ಆಧರಿಸಿದೆ. ಹೊಲದಲ್ಲಿ ಅಥವಾ ಮಗ್ಗದ ಮುಂದೆ ದಿನವಿಡೀ ದುಡಿಯುವವರು ದಣಿವು, ಮೈಕೈನೋವು, ಕೈ ಜೋಮುಗಳನ್ನು ದುಡಿಮೆಯ ಫಲವೆಂದೇ ತಿಳಿಯುವುದು ಸಹಜ. ಇವು ವಿಶ್ರಾಂತಿಯಿಂದಲೂ ಕಡಿಮೆಯಾಗದೆ, ಮಲಬದ್ಧತೆ, ಚಳಿ, ಮುಖದ ಊತಗಳೊಂದಿಗೆ ಸೇರಿ ಬಂದಾಗ ಪರೀಕ್ಷೆ ಅಗತ್ಯ. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ನಡೆಯುವ ತಪಾಸಣೆಯು ರಕ್ತದೊತ್ತಡ, ಮಧುಮೇಹ ಹಾಗೂ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ಒಳಗೊಂಡಿದೆ. ಥೈರಾಯ್ಡ್ ಅದರಲ್ಲಿ ಸೇರಿಲ್ಲ. ಹೀಗಾಗಿ ಆ ತಪಾಸಣೆಯಲ್ಲಿ ‘ಎಲ್ಲ ಸರಿಯಿದೆ’ ಎಂದು ಬಂದರೂ ಥೈರಾಯ್ಡ್ ಪರೀಕ್ಷೆ ಆಗಿದೆಯೆಂದು ಅರ್ಥವಲ್ಲ. ಲಕ್ಷಣಗಳಿರುವವರು ಅದನ್ನು ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಈ ಭಾಗದ ಮುಖ್ಯ ಆಹಾರ ಬಿಳಿಜೋಳದ ರೊಟ್ಟಿ. ಚಳಿಗಾಲದಲ್ಲಿ, ವಿಶೇಷವಾಗಿ ಸಂಕ್ರಾಂತಿಯ ಹೊತ್ತಿಗೆ, ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಬಳಕೆ ರೂಢಿಯಲ್ಲಿದೆ. ಅಯೋಡಿನ್‌ಯುಕ್ತ ಉಪ್ಪು ಬಳಸುವ ಮನೆಗಳಲ್ಲಿ ಹಬ್ಬದ ಸಜ್ಜೆರೊಟ್ಟಿಯಿಂದ ಥೈರಾಯ್ಡ್‌ಗೆ ಹಾನಿಯಿಲ್ಲ. ಬೆಳಗಿನ ಚಹಾ ಮತ್ತು ಮಾತ್ರೆಯ ನಡುವಿನ ಅಂತರವೇ ಇದಕ್ಕಿಂತ ಹೆಚ್ಚು ಗಮನಿಸಬೇಕಾದ ವಿಷಯ.

ಟಿಎಸ್‌ಎಚ್ ಪರೀಕ್ಷೆಗೆ ಒಂದು ಸಲದ ರಕ್ತದ ಮಾದರಿ ಸಾಕು, ಉಪವಾಸವಿರಬೇಕೆಂಬ ನಿಯಮವಿಲ್ಲ. ಗಂಟುಗಳ ಪರೀಕ್ಷೆ, ಹೃದಯದ ತೊಡಕು ಅಥವಾ ಶಸ್ತ್ರಚಿಕಿತ್ಸೆಯಂಥ ಸಂದರ್ಭಗಳಲ್ಲಿ ಹೆಚ್ಚಿನ ಚಿಕಿತ್ಸೆಗಾಗಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮತ್ತು ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಲೆವೊಥೈರಾಕ್ಸಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ತಪಾಸಣೆ ಯಾರಿಗೆ

ಲಕ್ಷಣಗಳಿಲ್ಲದ ಎಲ್ಲರಿಗೂ ಥೈರಾಯ್ಡ್ ತಪಾಸಣೆ ಮಾಡಬೇಕೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ತಡೆ ಆರೋಗ್ಯ ಸೇವೆಗಳ ಕಾರ್ಯಪಡೆಯು 2015ರಲ್ಲಿ ಇದರ ಪರವಾಗಲಿ ವಿರುದ್ಧವಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಆದರೆ ಕೆಳಗಿನವರಿಗೆ ಪರೀಕ್ಷೆ ಉಪಯುಕ್ತವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ:

• ಕುಟುಂಬದಲ್ಲಿ ಥೈರಾಯ್ಡ್ ಕಾಯಿಲೆ ಇರುವವರು.
• ಒಂದನೆಯ ವಿಧದ ಮಧುಮೇಹ, ತೊನ್ನು ಮುಂತಾದ ಸ್ವಯಂರೋಧಕ ಕಾಯಿಲೆ ಇರುವವರು.
• ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಅಥವಾ ಕತ್ತಿನ ವಿಕಿರಣ ಚಿಕಿತ್ಸೆ ಪಡೆದವರು.
• ಅಮಿಯೋಡರೋನ್ ಅಥವಾ ಲಿಥಿಯಂ ಸೇವಿಸುವವರು.
• ಹೊಸದಾಗಿ ಹೃದಯದ ಲಯ ತಪ್ಪಿದವರು, ಕಾರಣ ತಿಳಿಯದೆ ಕೊಲೆಸ್ಟರಾಲ್ ಏರಿದವರು.
• ಖಿನ್ನತೆ ಅಥವಾ ಮರೆವು ಹೊಸದಾಗಿ ಕಾಣಿಸಿಕೊಂಡ ವೃದ್ಧರು.

ಇವನ್ನೂ ನೋಡಿ

• ಥೈರಾಯ್ಡ್ ಗ್ರಂಥಿ
• ಗಳಗಂಡ
• ಅಯೋಡಿನ್
• ಪಿಟ್ಯುಟರಿ ಗ್ರಂಥಿ
• ಋತುಬಂಧ